ಪದಕದ ಅಂಚಿನಲ್ಲಿದ್ದ ಹೆಸರು
(ಸಂಸ್ಥೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ನಿಮ್ಮ ಮುಂದೆ ನಮ್ಮ ಮನೆಯ ಒಂದು ಹಳೆಯ ಸಂಗತಿಯನ್ನು ಹೇಳಬೇಕೆಂದಿದ್ದೇನೆ. ನಿಮ್ಮಲ್ಲಿ ಕೆಲವರ ಮನೆಯಲ್ಲೂ ಇಂಥದ್ದು ಇದ್ದೀತು.

ನನ್ನ ಮುತ್ತಜ್ಜ ಮೊದಲನೇ ಮಹಾಯುದ್ಧಕ್ಕೆ ಹೋದವರು ಮರಳಿ ಬರಲಿಲ್ಲ. ಹೊರಗಿನವರ ಮುಂದೆ ನಮ್ಮವರು ಅವರನ್ನು 'ಜಮಾದಾರ್ ಸಾಹೇಬರು' ಎನ್ನುತ್ತಿದ್ದರು. ಆದರೆ ಊರಿನಲ್ಲಿ, "ಬಸ್ರಾದಲ್ಲಿ ಇನ್ನೊಂದು ನಿಕಾಹ್ ಮಾಡಿಕೊಂಡು ಅಲ್ಲೇ ಉಳಿದುಬಿಟ್ಟ" ಎಂದು ಆಡಿಕೊಳ್ಳುತ್ತಿದ್ದರು. ಮುತ್ತಜ್ಜಿ ಕಣ್ಣು ಮುಚ್ಚುವವರೆಗೂ ಗಂಡ ಬಿಟ್ಟವಳೆಂಬ ಮಾತನ್ನು ಕೇಳುತ್ತಲೇ ಬದುಕಿದರು. ಯುದ್ಧ ಮುಗಿದ ಮೇಲೆ ಅಂಚೆಯಲ್ಲಿ ಒಂದು ಪದಕ ಮತ್ತು ಒಂದು ಇಂಗ್ಲಿಷ್ ಕಾಗದ ಬಂದವಂತೆ. ಓದಬಲ್ಲವರು ಮನೆಯಲ್ಲೂ ಇರಲಿಲ್ಲ, ಓಣಿಯಲ್ಲೂ ಇರಲಿಲ್ಲ. ಕಾಗದ ಗೆದ್ದಲು ಪಾಲಾಯಿತು. ಪದಕವನ್ನು ನನ್ನ ದಾದಿ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟಿದ್ದರು.

ನೌಕರಿಯಿಂದ ನಿವೃತ್ತನಾದ ಮೇಲೆ ನಾನು ಹುಡುಕಲು ಹೊರಟೆ. ಮೊದಲು ಒಂದು ಕಚೇರಿಗೆ ಬರೆದೆ. "ದಾಖಲೆ ಇಲ್ಲ" ಎಂಬ ಒಂದೇ ಸಾಲಿನ ಉತ್ತರ ಬಂತು. ಆಮೇಲೆ ತಿಳಿದವರೊಬ್ಬರು, "ಪದಕದ ಮುಖ ನೋಡಬೇಡಿ, ಅಂಚು ನೋಡಿ" ಎಂದರು. ಭೂತಗನ್ನಡಿ ಹಿಡಿದು ನೋಡಿದರೆ ಅಂಚಿನ ಸುತ್ತ ಸಣ್ಣ ಅಕ್ಷರಗಳಲ್ಲಿ ಹುದ್ದೆ, ಹೆಸರು, ಪಡೆ ಎಲ್ಲವೂ ಇತ್ತು! ನೂರು ವರ್ಷ ಮನೆಯಲ್ಲೇ ಇದ್ದ ಉತ್ತರವನ್ನು ನಾವು ಲೋಕವೆಲ್ಲ ಹುಡುಕುತ್ತಿದ್ದೆವು.

ಆ ಪದಕದ ಮೇಲೆ ಕುದುರೆ ಏರಿದ ವೀರನ ಚಿತ್ರವಿದೆ. ಅದನ್ನು ನೋಡಿಯೇ ನಮ್ಮವರು ಅವರನ್ನು ಸವಾರರನ್ನಾಗಿ, ಕೊನೆಗೆ ಜಮಾದಾರರನ್ನಾಗಿ ಮಾಡಿದ್ದರು. ಆದರೆ ಬ್ರಿಟಿಷ್ ಯುದ್ಧ ಪದಕವನ್ನು ಸೈನಿಕರಿಗೆ ಬೆಳ್ಳಿಯಲ್ಲಿ ಕೊಟ್ಟರು. ಕೂಲಿಗಳು, ಅಡುಗೆಯವರು ಮುಂತಾದ ಸಹಾಯಕರಿಗೆ ಕಂಚಿನಲ್ಲಿ ಕೊಟ್ಟರು. ನಮ್ಮದು ಕಂಚಿನದು. ಅಂಚಿನಲ್ಲಿದ್ದ ಹುದ್ದೆ 'ಭಿಶ್ತಿ'. ಪಡೆ, ಬೆಂಗಳೂರಿನಲ್ಲಿ ನೆಲೆಸಿದ್ದ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್. ನಮ್ಮ ಜಮಾದಾರ್ ಸಾಹೇಬರು ಚರ್ಮದ ಚೀಲದಲ್ಲಿ ನೀರು ಹೊತ್ತು ಸೈನಿಕರಿಗೆ ಕುಡಿಸಿದವರು.

ಕೇಳಿ ಮನೆಯಲ್ಲಿ ಕೆಲವರಿಗೆ ಬೇಸರವಾಯಿತು. ನನಗೆ ಆಗಲಿಲ್ಲ. ಆ ಯುದ್ಧದಲ್ಲಿ ಭಾರತದಿಂದ ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ, ಹೋದವರು ಸುಮಾರು 5.88 ಲಕ್ಷ ಜನ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಬಂದೂಕು ಹಿಡಿಯದ ದುಡಿಮೆಗಾರರು. ಆ ಬಿಸಿಲಿನಲ್ಲಿ ನೀರು ಕೊಡುವವನಿಲ್ಲದೆ ಯಾವ ಜಮಾದಾರ ಒಂದು ದಿನ ನಿಲ್ಲುತ್ತಿದ್ದ?

ಮುಂದಿನ ಹುಡುಕಾಟ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ. ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಹಣವಿಲ್ಲದೆ ನೋಡಬಹುದು. ಮೊದಲು ಹೆಸರು ಸಿಗಲಿಲ್ಲ. ಶೇಖ್, ಶೇಕ್, ಷೇಕ್ ಹೀಗೆ ಇಂಗ್ಲಿಷಿನಲ್ಲಿ ಎಷ್ಟು ಬಗೆಯ ಕಾಗುಣಿತ ಸಾಧ್ಯವೋ ಅಷ್ಟನ್ನೂ ಹಾಕಿದೆ. ಕೊನೆಗೆ ಹೆಸರು ಬಿಟ್ಟು ಪಡೆಯ ಹೆಸರಿನಿಂದ ಹುಡುಕಿದಾಗ ಸಿಕ್ಕಿತು: ಭಿಶ್ತಿ, ತಂದೆಯ ಹೆಸರು, ನಮ್ಮ ಊರು, ಮರಣ 1917, ಬಸ್ರಾ ಸ್ಮಾರಕ. ತಂದೆಯ ಹೆಸರನ್ನು ಹಳೆಯ ಜಮೀನು ಕಾಗದಗಳೊಡನೆ ತಾಳೆ ನೋಡಿದ ಮೇಲೆಯೇ ನಂಬಿದೆ. ಒಂದೇ ಹೆಸರಿನವರು ನೂರಾರು ಮಂದಿ, ಹೆಸರೊಂದೇ ಸಾಕ್ಷಿಯಾಗದು.

ಬಸ್ರಾ ಸ್ಮಾರಕ 1929ರಲ್ಲಿ ಉದ್ಘಾಟನೆಯಾಯಿತು. 1997ರಲ್ಲಿ ಅದನ್ನು ಬೇರೆ ಕಡೆಗೆ ಸ್ಥಳಾಂತರಿಸಿದರು. ಸಮಾಧಿಯ ಗುರುತಿಲ್ಲದವರ ಸ್ಮಾರಕ ಅದು. ಬ್ರಿಟಿಷ್ ಸಿಪಾಯಿಗಳ ಹೆಸರನ್ನು ಅದರಲ್ಲಿ ಕೆತ್ತಿದರು. ಭಾರತೀಯರಲ್ಲಿ ಅಧಿಕಾರಿಗಳ ಹೆಸರು ಮಾತ್ರ. ಉಳಿದವರು ಪಡೆಯ ಕೆಳಗೆ ಬರೀ ಒಂದು ಸಂಖ್ಯೆ. ಹೀಗೆ ಭಾರತ, ಆಫ್ರಿಕಾ ಮುಂತಾದ ನಾಡುಗಳ ಅನೇಕರಿಗೆ ಸಮಾನ ಗೌರವ ಸಿಗಲಿಲ್ಲವೆಂದು 2021ರ ವರದಿಯಲ್ಲಿ ಒಪ್ಪಿಕೊಂಡು ಆಯೋಗವೇ ಕ್ಷಮೆ ಕೇಳಿತು.

ನಿಮ್ಮ ಹಿರಿಯರು ಮೈಸೂರು ಸಂಸ್ಥಾನದ ಸೈನ್ಯದಲ್ಲಿದ್ದರೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಿ. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಬ್ರಿಟಿಷ್ ಇಂಡಿಯಾ ಸೈನ್ಯವಾದರೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಪಡೆಗಳ ಯುದ್ಧ ದಿನಚರಿಗಳಿವೆ. ಆದರೆ ಎಲ್ಲಕ್ಕೂ ಮೊದಲು ಮನೆಯ ಹಿರಿಯರನ್ನು ಕೇಳಿ, ಪೆಟ್ಟಿಗೆ ತೆಗೆದು ನೋಡಿ. ಹಳೆಯ ಪದಕವನ್ನು ದಯವಿಟ್ಟು ಉಜ್ಜಿ ತೊಳೆಯಬೇಡಿ, ಅಕ್ಷರ ಸವೆದುಹೋದೀತು.

ವಿದ್ಯಾರ್ಥಿಗಳೇ, ಆ ಕಂಚಿನ ಬಿಲ್ಲೆಯ ಜೊತೆ ಬಂದ ಕಾಗದವನ್ನು ಓದುವ ಒಬ್ಬ ಹುಡುಗ ಅಥವಾ ಒಬ್ಬ ಹುಡುಗಿ ಅಂದು ನಮ್ಮ ಓಣಿಯಲ್ಲಿ ಇದ್ದಿದ್ದರೆ, ಒಬ್ಬ ಹೆಣ್ಣುಮಗಳು ಜೀವಮಾನವೆಲ್ಲ ಇಲ್ಲದ ಮಾತು ಕೇಳಬೇಕಾಗಿರಲಿಲ್ಲ. ಅವಳು ಗಂಡ ಬಿಟ್ಟವಳಾಗಿರಲಿಲ್ಲ, ಗಂಡನನ್ನು ಕಳೆದುಕೊಂಡವಳಾಗಿದ್ದಳು. ಈ ಎರಡು ಮಾತಿನ ನಡುವಿನ ಅಂತರವೇ ವಿದ್ಯೆ. ನಿಮ್ಮ ಓಣಿಗೆ ಬರುವ ಕಾಗದವನ್ನು ಓದುವವರು ನೀವಾಗಿ.