ಹಾಯಿಹಡಗಿನ ಹಾಡು, ಕುಮುದ್ವತಿಯ ನೀರು



ರಟ್ಟೀಹಳ್ಳಿಯಲ್ಲಿ ಕುಳಿತವರಿಗೆ ಸಮುದ್ರದ ಮಾತೇಕೆ ಎಂದು ನೀವು ಕೇಳಬಹುದು. ನಿಮ್ಮ ಕುಮುದ್ವತಿಯನ್ನೇ ನೋಡಿ. ಅದು ತುಂಗಭದ್ರೆಯನ್ನು ಸೇರಿ, ಕೃಷ್ಣೆಯೊಡನೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅದರಲ್ಲಿ ಹರಿಯುವ ನೀರಾದರೋ ಬಹುಮಟ್ಟಿಗೆ ಅರಬ್ಬಿ ಸಮುದ್ರದ ಕಡೆಯಿಂದ ಮುಂಗಾರು ಹೊತ್ತು ತಂದದ್ದು. ಭೂಮಿಯಲ್ಲಿ ಹೆಚ್ಚಾದ ಶಾಖದ ಶೇಕಡಾ 90ರಷ್ಟು ಪಾಲನ್ನು ಸಾಗರಗಳೇ ಹೀರಿಕೊಂಡಿವೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ಆವಿಯನ್ನು ಹಿಡಿದಿಡಬಲ್ಲದು. ಸುರಿದಾಗ ಒಮ್ಮೆಲೇ ಸುರಿಯುವ ಸಂಭವವೂ ಹೆಚ್ಚು. ಹಾವೇರಿ ಜಿಲ್ಲೆ 2019ರಲ್ಲಿ ನೆರೆಯನ್ನೂ 2023ರಲ್ಲಿ ಬರವನ್ನೂ ಕಂಡಿತು. ಮೆಕ್ಕೆಜೋಳ ಬಿತ್ತಿದವರ ಮನೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಅಂಕಿಗಳು ಕಿವಿಯಲ್ಲಿ ನಿಲ್ಲುವುದಿಲ್ಲ, ಹಾಡು ನಿಲ್ಲುತ್ತದೆ. ಇಂಡೋನೇಷ್ಯಾದ ಗಾಯಕಿ ನೋವಾ ರೂತ್ ಮತ್ತು ಅಮೆರಿಕದ ಸಂಗೀತಗಾರ ಗ್ರೇ ಫಿಲಾಸ್ಟೀನ್ 70 ಟನ್ನಿನ ಒಂದು ಹಾಯಿಹಡಗನ್ನು ಸಜ್ಜುಗೊಳಿಸಿ 2019ರಲ್ಲಿ ರಾಟರ್‌ಡ್ಯಾಮಿನಿಂದ ಹೊರಟರು. ಹಡಗೇ ರಂಗಸ್ಥಳ, ಪ್ರೇಕ್ಷಕರು ದಡದಲ್ಲಿ. ಹಾಡಿನ ವಸ್ತು ಬಿಸಿಯಾಗುತ್ತಿರುವ ಭೂಮಿ, ಏರುತ್ತಿರುವ ಕಡಲು. 2020ರಲ್ಲಿ ಕೊರೊನಾದಿಂದ ಬಂದರುಗಳು ಮುಚ್ಚಿದಾಗ ಪೆಸಿಫಿಕ್ ಸಾಗರದಲ್ಲಿ ಅತಂತ್ರರಾಗಿ, ಕೊನೆಗೆ ಅದೇ ವರ್ಷ ಇಂಡೋನೇಷ್ಯಾ ಮುಟ್ಟಿದರು.

ಹಡಗಿನ ಹೆಸರು ‘ಅರ್ಕ ಕಿನಾರಿ’. ಕಿನಾರಿ ಎಂದರೆ ನಮ್ಮ ಕಿನ್ನರಿಯೇ! ಪುರಾಣಗಳಲ್ಲಿ ಆಕೆ ಹಾಡುವ ದೇವಕನ್ನಿಕೆ. ಕನ್ನಡದಲ್ಲಿ ಸೋರೆಬುರುಡೆಯ ತಂತಿವಾದ್ಯವೂ ಹೌದು. ಹನ್ನೆರಡನೆಯ ಶತಮಾನದ ಶರಣ ಕಿನ್ನರಿ ಬೊಮ್ಮಯ್ಯನ ಹೆಸರಿನಲ್ಲಿ ಅದು ಉಳಿದಿದೆ. ಕಿನ್ನರಿ ಜೋಗಿಗಳು ಅದನ್ನು ನುಡಿಸುತ್ತ ಊರೂರು ತಿರುಗಿ ಕಥೆ ಹಾಡಿದರು. ಅವರಿಗೆ ಬೇಕಾದದ್ದು ಎರಡು ಕಾಲು, ಒಂದು ವಾದ್ಯ.

ನನಗೆ ಮುಖ್ಯವಾಗಿ ಕಾಣುವುದು ಇದೇ. 2016ರಲ್ಲಿ ಇಟಲಿಯ ಲುಡೊವಿಕೊ ಐನೌಡಿ ಉತ್ತರ ಧ್ರುವದ ಬಳಿಯ ಸ್ವಾಲ್ಬಾರ್ಡಿನಲ್ಲಿ, ಹಿಮನದಿಯ ಎದುರು ತೇಲುವ ಕಟ್ಟೆಯ ಮೇಲೆ ಪಿಯಾನೋ ನುಡಿಸಿದರು. ಆ ದೃಶ್ಯ ಮನ ಕಲಕುತ್ತದೆ, ನಿಜ. ಆದರೆ ಎಣ್ಣೆ ಸುಟ್ಟು ಅಲ್ಲಿಗೆ ಹೋಗಿ ಎಣ್ಣೆ ಸುಡಬೇಡಿ ಎನ್ನುವುದು ಕೊಂಚ ಕಷ್ಟದ ಮಾತು. ಮುಖ್ಯವಾಗಿ ಗಾಳಿಯನ್ನೇ ನಂಬಿ ಬಂದ ಹಾಯಿಹಡಗಿನ ಮಾತಿಗೆ ಹೆಚ್ಚು ತೂಕ.

ನಮ್ಮಲ್ಲೂ 1983ರಲ್ಲಿ ಶಿರಸಿ ಸೀಮೆಯಲ್ಲಿ ಅಪ್ಪಿಕೊ ಚಳವಳಿ ಮೊದಲಾದಾಗ ಕಾಡಿನ ಮಾತನ್ನು ಊರೂರಿಗೆ ಮುಟ್ಟಿಸಿದ್ದು ಕಾಲ್ನಡಿಗೆ, ಜಾನಪದ ಕುಣಿತ, ಬೀದಿನಾಟಕ.

ನಿಮ್ಮೂರಲ್ಲಿ ಡೊಳ್ಳಿನ ಪದ ಹಾಡುವ ಹಿರಿಯರಿದ್ದರೆ ಮಳೆಯ ಪದಗಳನ್ನು ಕೇಳಿ ಬರೆದುಕೊಳ್ಳಿ. ರೋಹಿಣಿ, ಮೃಗಶಿರಾ ಮಳೆಗೆ ಅವರು ಬಿತ್ತುತ್ತಿದ್ದುದು ಯಾವಾಗ, ಈಗ ಬಿತ್ತುವುದು ಯಾವಾಗ ಎಂದೂ ವಿಚಾರಿಸಿ. ಆ ವ್ಯತ್ಯಾಸದ ಮೇಲೆ ನೀವೇ ಒಂದು ಪದ ಕಟ್ಟಿ. ಹಾಡಲು ಕುಮುದ್ವತಿಯ ದಡವಿದೆ, ಮೈಕು ಬೇಕಾಗಲಿಕ್ಕಿಲ್ಲ.