ಮುತ್ತಿಗೆ ಬೆಲೆ ಕಟ್ಟುವವರು

(ಮುಕ್ಕುಂದದ ಕೇಳುಗರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಕಡಲಿನ ಸಿನಿಮಾ ಒಂದರ ಬಗ್ಗೆ ಮಾತನಾಡಲು ತುಂಗಭದ್ರೆಯ ದಂಡೆಯ ಊರು ತಕ್ಕ ಜಾಗವೇ ಎಂದು ಯಾರಾದರೂ ಕೇಳಬಹುದು. ಇಲ್ಲಿ ಹೊಳೆ ಉಂಟು, ಹರಿಗೋಲು ಉಂಟು. ಕಡಲು ಕಾಣಬೇಕಾದರೆ ಇಡೀ ರಾತ್ರಿ ಬಸ್ಸಿನಲ್ಲಿ ಕೂರಬೇಕು. ಆದರೂ 1987ರಲ್ಲಿ ತೆರೆಗೆ ಬಂದ ‘ಒಂದು ಮುತ್ತಿನ ಕಥೆ’ಯನ್ನು ಕರಾವಳಿಯವರಿಗಿಂತ ಸಿಂಧನೂರು ಸೀಮೆಯವರೇ ಚೆನ್ನಾಗಿ ಬಲ್ಲರು ಎಂದು ವಾದಿಸಲು ಸಾಧ್ಯವಿದೆ.

ಶಂಕರ್‌ನಾಗ್ ಅವರು ಡಾ. ರಾಜ್‌ಕುಮಾರ್ ಅವರನ್ನು ನಿರ್ದೇಶಿಸಿದ್ದು ಇದೊಂದೇ ಚಿತ್ರದಲ್ಲಿ. ನಾಯಕಿ ಅರ್ಚನಾ, ತಮಿಳಿನ ‘ವೀಡು’, ತೆಲುಗಿನ ‘ದಾಸಿ’ ಚಿತ್ರಗಳಿಗಾಗಿ ರಾಷ್ಟ್ರಪ್ರಶಸ್ತಿ ಪಡೆದ ಕಲಾವಿದೆ. ನೀರಿನಾಳದ ದೃಶ್ಯಗಳನ್ನು ಮಾಲ್ಡೀವ್ಸ್ ದ್ವೀಪಗಳಲ್ಲಿ ಚಿತ್ರಿಸಲಾಯಿತು. ರಾಜ್‌ಕುಮಾರ್ ಹುಟ್ಟಿದ್ದು 1929ರಲ್ಲಿ. ಅಂದರೆ ಯೋಗಾಭ್ಯಾಸದಿಂದ ಪಳಗಿದ ಆ ದೇಹಕ್ಕೂ ಆಗ ಐವತ್ತೇಳರ ಆಸುಪಾಸು. ಅವರು ನೀರೊಳಗೆ ಅಷ್ಟಪದಿಯೊಡನೆ, ಎಂದರೆ ಆಕ್ಟೋಪಸ್ ಜೊತೆ ಸೆಣಸುವುದೇ ಈಗಲೂ ಜನರ ಬಾಯಲ್ಲಿರುವ ದೃಶ್ಯ. ಸಾಹಸ, ಪ್ರೇಮ, ತಿಳಿನೀಲಿ ನೀರು ಎಲ್ಲ ಸರಿ. ಕಥೆಯ ತಿರುಳು ಮಾತ್ರ ಅಷ್ಟಪದಿಯಲ್ಲಿಲ್ಲ.

ಆ ತಿರುಳು ಅಮೆರಿಕದ ಲೇಖಕ ಜಾನ್ ಸ್ಟೈನ್‌ಬೆಕ್ ಅವರದು. 1940ರಲ್ಲಿ ಅವರು ಜೀವವಿಜ್ಞಾನಿ ಗೆಳೆಯ ಎಡ್ ರಿಕೆಟ್ಸ್ ಜೊತೆ ಮೀನುದೋಣಿಯಲ್ಲಿ ಕ್ಯಾಲಿಫೋರ್ನಿಯಾ ಕೊಲ್ಲಿ ಸುತ್ತಿದರು. ಅಲ್ಲಿನ ಲಾ ಪಾಜ್ ಎಂಬ ಮೆಕ್ಸಿಕೊ ಪಟ್ಟಣದಲ್ಲಿ ನಡೆದದ್ದೆಂದು ಒಂದು ಕತೆ ಅವರ ಕಿವಿಗೆ ಬಿತ್ತು. ಹುಡುಗನೊಬ್ಬನಿಗೆ ಭಾರೀ ಮುತ್ತು ಸಿಕ್ಕುತ್ತದೆ; ಇನ್ನು ದುಡಿಯುವುದೇ ಬೇಡ, ಕುಡಿದು ತಿರುಗಬಹುದು ಎಂದು ಅವನು ಹಿಗ್ಗುತ್ತಾನೆ. ಸ್ಟೈನ್‌ಬೆಕ್ ಈ ಪೋಲಿ ಹುಡುಗನಿಗೆ ಹೆಂಡತಿ, ಕೂಸು ಕೊಟ್ಟು ಸಂಸಾರಸ್ಥನನ್ನಾಗಿ ಮಾಡಿದರು. 1947ರಲ್ಲಿ ‘ದಿ ಪರ್ಲ್’ ಪುಸ್ತಕವಾಯಿತು. ಅದೇ ವರ್ಷ ಮೆಕ್ಸಿಕೊದ ಎಮಿಲಿಯೊ ಫೆರ್ನಾಂಡೆಜ್ ಅದನ್ನು ಚಿತ್ರವಾಗಿಯೂ ತಂದರು. ನಲವತ್ತು ವರ್ಷ ಕಳೆದ ಮೇಲೆ ಕನ್ನಡದ ಸರದಿ.

ಪುಸ್ತಕದಲ್ಲಿ ನಡೆಯುವುದು ಇಷ್ಟು. ಕೂಸಿಗೆ ಚೇಳು ಕುಟುಕುತ್ತದೆ. ಕೈಯಲ್ಲಿ ಕಾಸಿಲ್ಲದವರೆಂದು ವೈದ್ಯ ಬಾಗಿಲಿನಿಂದಲೇ ಸಾಗಹಾಕುತ್ತಾನೆ. ಅಪ್ಪ ಕಡಲಿಗೆ ಧುಮುಕಿ ಅಪೂರ್ವವಾದ ಮುತ್ತು ತರುತ್ತಾನೆ. ಸುದ್ದಿ ಹಬ್ಬಿದೊಡನೆ ಅದೇ ವೈದ್ಯ ಚೀಲ ಹಿಡಿದು ಗುಡಿಸಲಿಗೆ ಬರುತ್ತಾನೆ! ಮಾರಲು ಹೋದರೆ ಒಬ್ಬ ವ್ಯಾಪಾರಿ ಸಾವಿರ ಪೆಸೊ ಎನ್ನುತ್ತಾನೆ, ಇನ್ನೊಬ್ಬ ಐನೂರು, ಮತ್ತೊಬ್ಬನಿಗೆ ಅದು ಬೇಡವೇ ಬೇಡ. ಹೊರಗಿನವರಿಗೆ ಪೈಪೋಟಿಯಂತೆ ಕಾಣುತ್ತದೆ. ಒಳಗೆ ನೋಡಿದರೆ ಅಷ್ಟೂ ಅಂಗಡಿಗಳ ಧಣಿ ಒಬ್ಬನೇ.

ಈ ಭಾಗವನ್ನು ಮುಕ್ಕುಂದದಲ್ಲಿ ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ತುಂಗಭದ್ರಾ ಎಡದಂಡೆ ನಾಲೆಯ ನೀರು ಬಂದ ಮೇಲೆ ಈ ಸೀಮೆ ಭತ್ತದ ಕಣಜವೆನಿಸಿತು. ಆದರೆ ಎಪ್ಪತ್ತೈದು ಕಿಲೊ ಚೀಲದ ಲೆಕ್ಕದಲ್ಲಿ ಭತ್ತ ಮಾರುವವನು ತನ್ನ ಮಾಲಿಗೆ ತಾನೇ ಬೆಲೆ ಹೇಳುವುದು ಅಪರೂಪ. ತೇವ ಹೆಚ್ಚು, ಜೊಳ್ಳು ಹೆಚ್ಚು, ಬಣ್ಣ ಸಾಲದು ಎಂಬ ಮಾತು ಕೇಳಿ ಪಕ್ಕದ ಅಂಗಡಿಗೆ ಹೋದರೆ ಅಲ್ಲಿಯೂ ಅದೇ ಮಾತು. ಮುಂಗಡ ಕೊಟ್ಟವನೇ ಕೊಳ್ಳುವವನೂ ಆಗಿದ್ದರಂತೂ ಬೇರೆಡೆ ಹೋಗುವ ದಾರಿಯೇ ಮುಚ್ಚಿಹೋಗುತ್ತದೆ.

ಇನ್ನು ದ್ವೀಪದ ಮಾತು. ಮಾಲ್ಡೀವ್ಸ್ ಎಂದರೆ ಸುಮಾರು ಸಾವಿರದ ಇನ್ನೂರು ಹವಳದ ದ್ವೀಪಗಳು. ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರ್ ಮಾತ್ರ ಎತ್ತರ. ಹಿಂದೆ ಅಲ್ಲಿಂದ ಹಡಗುಗಳಲ್ಲಿ ಬಂದ ಕವಡೆ ಬಂಗಾಳದಲ್ಲಿ ನಾಣ್ಯವಾಗಿ ಚಲಾವಣೆಯಲ್ಲಿತ್ತು. ಕವಡೆ ಕಾಸಿನ ಕಿಮ್ಮತ್ತಿಲ್ಲ ಎಂದು ನಾವು ಬೈಯುವಾಗ, ಎಲ್ಲಮ್ಮನ ಭಕ್ತರು ಕವಡೆ ಸರ ಧರಿಸಿದಾಗ, ಆ ದೂರದ ಕಡಲು ಈ ಕರಿನೆಲದವರೆಗೂ ಬಂದಿರುತ್ತದೆ.

ಸಿನಿಮಾದವರಿಗೆ ದ್ವೀಪವೆಂದರೆ ತೆಂಗು, ಬಿಳಿ ಮರಳು, ಲೋಕ ಮರೆತ ಇಬ್ಬರು ಪ್ರೇಮಿಗಳು. ನಮ್ಮ ಜಿಲ್ಲೆಯ ದ್ವೀಪಗಳಿಗೆ ಗಡ್ಡಿ ಎಂದು ಹೆಸರು. ಲಿಂಗಸುಗೂರು ತಾಲ್ಲೂಕಿನಲ್ಲಿ ಜಲದುರ್ಗದ ಕೋಟೆಯೇ ಕೃಷ್ಣೆಯ ನಡುಗಡ್ಡೆಯಲ್ಲಿದೆ. ಕರಕಲಗಡ್ಡಿ, ಮ್ಯಾದರಗಡ್ಡಿಗಳಲ್ಲಿ ಜನ ಬಾಳಿದ್ದಾರೆ. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗ ಆ ಕಡೆಯ ಗಡ್ಡಿಗಳ ದಾರಿ ಮುಳುಗುತ್ತದೆ. ಅಂಥ ಕಡೆ ರಾತ್ರಿ ಕೂಸಿಗೆ ಚೇಳು ಕಚ್ಚಿದರೆ ವೈದ್ಯ ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆಯೇ ಏಳದು. ಹೊಳೆ ದಾಟುವುದೇ ಮೊದಲ ಪ್ರಶ್ನೆ.

ಮುತ್ತು ಕೂಡ ಈ ಎಡೆದೊರೆ ನಾಡಿಗೆ ಹೊಸದಲ್ಲ. ಮುದಗಲ್ಲಿನ ಅಕ್ಕಸಾಲಿಗನ ಚೆಲುವೆ ಮಗಳ ಮೇಲೆ ವಿಜಯನಗರದ ಒಂದನೆಯ ದೇವರಾಯ ಮನಸ್ಸಿಟ್ಟ, ಅದರಿಂದ 1406ರಲ್ಲಿ ಫಿರೋಜ್ ಷಾ ಬಹಮನಿಯೊಡನೆ ಯುದ್ಧವಾಯಿತು ಎಂದು ಇತಿಹಾಸಕಾರ ಫೆರಿಸ್ತಾ ಬರೆದಿದ್ದಾನೆ. ಅವನ ಪ್ರಕಾರ ಸೋತ ರಾಯ ತನ್ನ ಮಗಳನ್ನೇ ಸುಲ್ತಾನನಿಗೆ ಕೊಟ್ಟು, ಹತ್ತು ಲಕ್ಷ ಹೊನ್ನು, ಐವತ್ತು ಆನೆಗಳ ಜೊತೆಗೆ ಐದು ಮಣ ಮುತ್ತನ್ನೂ ತೆರಬೇಕಾಯಿತು. ಫೆರಿಸ್ತಾ ಬರೆದದ್ದು ಘಟನೆಯಾಗಿ ಸುಮಾರು ಇನ್ನೂರು ವರ್ಷಗಳ ಮೇಲೆ. ಹಾಗಾಗಿ ಪ್ರೇಮದ ಭಾಗವನ್ನು ಅಷ್ಟಾಗಿ ನಂಬಬೇಕಿಲ್ಲ. ಈ ಐದು ಮಣ ಮುತ್ತಿಗಾಗಿ ಯಾರು ಯಾವ ಕಡಲಲ್ಲಿ ಉಸಿರು ಬಿಗಿಹಿಡಿದು ಮುಳುಗಿದರು ಎಂಬುದು ಅಲ್ಲಿ ಬರುವುದಿಲ್ಲ. ಮನ್ನಾರ್ ಕೊಲ್ಲಿಯಲ್ಲಿ ಮುಳುಗುಗಾರರು ಕಲ್ಲು ಕಟ್ಟಿದ ಹಗ್ಗ ಹಿಡಿದು ಇಳಿಯುತ್ತಿದ್ದರು. ದೋಣಿಯಲ್ಲಿ ಹಗ್ಗ ಹಿಡಿದವನ ಕೈಯಲ್ಲಿ ಅವರ ಜೀವ.

ಸ್ಟೈನ್‌ಬೆಕ್ ಕತೆಯಲ್ಲಿ ಆ ಹಗ್ಗ ಹಿಡಿದವಳು ಹೆಂಡತಿ ಎಂದರೂ ತಪ್ಪಿಲ್ಲ. ಈ ಮುತ್ತು ಬೇಡ, ಎಸೆದುಬಿಡು ಎಂದು ಮೊದಲೇ ಹೇಳಿದವಳು ಅವಳು. ಗಂಡ ಕೇಳಲಿಲ್ಲ, ಕೈ ಕೂಡ ಮಾಡಿದ. ದೋಣಿ ಒಡೆಯಿತು, ಗುಡಿಸಲು ಸುಟ್ಟಿತು, ಬೆನ್ನಟ್ಟಿದವರ ಗುಂಡಿಗೆ ಕೂಸು ಬಲಿಯಾಯಿತು. ಅಷ್ಟಾದರೂ ಅವನನ್ನು ಬಿಟ್ಟು ಹೋಗಲಿಲ್ಲ. ಕೊನೆಗೆ ಇಬ್ಬರೂ ಹಿಂದೆಮುಂದೆ ನಡೆಯದೆ ಅಕ್ಕಪಕ್ಕ ನಡೆಯುತ್ತ ಊರಿಗೆ ಮರಳಿ ಕಡಲ ಅಂಚಿಗೆ ಬರುತ್ತಾರೆ. ಎಸೆಯಲೆಂದು ಅವನು ಮುತ್ತನ್ನು ಅವಳತ್ತ ಚಾಚುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ, ಅದನ್ನು ಅವನೇ ಎಸೆಯಬೇಕು.