ಸಾಮಾನು ನಮ್ಮದು, ಸಹಿ ನಮ್ಮದು, ಕಾಗದ ಯಾರ ಭಾಷೆಯದು?

(ಬೆಂಗಳೂರು, ಪುಣೆ, ಕೊಲ್ಹಾಪುರಗಳಲ್ಲಿ ದುಡಿಯುತ್ತಿರುವ ಗಡಿಭಾಗದ ಯುವಕ-ಯುವತಿಯರ ಮುಂದೆ ಚಿಕ್ಕೋಡಿಯಲ್ಲಿ ಆಡಿದ ಮಾತುಗಳ ಬರಹರೂಪ)



ಇವತ್ತು ನಾನು ಮಹಾಜನ ವರದಿಯ ಬಗ್ಗೆ ಮಾತಾಡುತ್ತೇನೆಂದು ನೀವು ಬಂದಿದ್ದೀರಿ. ಆದರೆ ನಾನು ಮಾತಾಡಲು ಹೊರಟಿರುವುದು ಮನೆ ಸಾಮಾನು ಸಾಗಿಸುವ ಲಾರಿಯ ಬಗ್ಗೆ! ನಗಬೇಡಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹುಡುಗರು ನೌಕರಿಗೆಂದು ಊರು ಬಿಡುತ್ತಾರೆ. ಕೆಲವು ವರ್ಷಗಳಿಗೆ ಮನೆ ಬದಲಿಸುತ್ತಾರೆ. ನೌಕರಿ ಹೋದರೆ, ಇಲ್ಲವೇ ತಂದೆಗೆ ವಯಸ್ಸಾದರೆ, ಮತ್ತೆ ಊರಿಗೆ ಬರುತ್ತಾರೆ. ಪ್ರತಿ ಸಲವೂ ಒಂದು ಲಾರಿ, ಒಂದು ಕಾಗದ, ಒಂದು ಸಹಿ. ಆ ಸಹಿಯಲ್ಲಿ ನಾವು ಎಷ್ಟು ಕಳೆದುಕೊಳ್ಳುತ್ತಿದ್ದೇವೆ ಎಂಬ ಲೆಕ್ಕ ಯಾರೂ ಇಟ್ಟಿಲ್ಲ.

ನಮ್ಮ ಮನೆಯ ಲೆಕ್ಕವನ್ನು ಹೇಳುತ್ತೇನೆ, ಕೇಳಿ.

ಅವ್ವ ಹಾಕಿದ ಸಹಿ

ನಾನು ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ಸಾಮಾನನ್ನು ಕಾಗವಾಡ ತಾಲೂಕಿನ ನಮ್ಮ ಊರಿಗೆ ಕಳಿಸಿದೆ. ಕಂಪನಿಯ ಹೆಸರು ಬೇಡ. ಫೋನಿನಲ್ಲಿ ದರ ಕೇಳಿದೆ. 'ಎಲ್ಲಾ ಸೇರಿ 22,000' ಎಂದರು. ಆ 'ಎಲ್ಲಾ' ಎಂದರೆ ಏನೇನು ಎಂದು ನಾನು ಕೇಳಲಿಲ್ಲ. ಅವರು ಹೇಳಲಿಲ್ಲ. ಮುಂಗಡ ಕೊಟ್ಟು, ಸಾಮಾನು ತುಂಬಿಸಿ, ಕೆಲಸವಿದ್ದುದರಿಂದ ನಾನು ಅಲ್ಲೇ ಉಳಿದೆ.

ಎರಡು ದಿನದ ಮೇಲೆ ಲಾರಿ ನಮ್ಮ ಓಣಿಯ ಬಾಯಲ್ಲಿ ನಿಂತಿತು. ಚಾಲಕನ ಕೈಯಲ್ಲಿ ಹೊಸ ಚೀಟಿ. ಹಮಾಲಿ 2,500. ವಾರಾಯಿ 2,000. ಟೋಲ್ 1,800. ಓಣಿಯೊಳಗೆ ತರಲು ಸಣ್ಣ ಗಾಡಿ 1,700. ಇತರೆ 1,500. ಒಟ್ಟು 31,500! ಕೊಟ್ಟರೆ ಸಾಮಾನು ಇಳಿಯುತ್ತದೆ, ಇಲ್ಲವಾದರೆ ಲಾರಿ ಗೋಡೌನಿಗೆ ಹೋಗುತ್ತದೆ ಎಂಬ ಮಾತು. ಅವ್ವ ನೆರೆಮನೆಯಲ್ಲಿ ಸಾಲ ತಂದು ಕೊಟ್ಟಳು. ರಾತ್ರಿ ನಾನು ಫೋನು ಮಾಡಿದೆ.

"ಅವ್ವಾ, ಸಾಮಾನ ಎಲ್ಲಾ ಬಂದಾವೇನ?"

"ಬಂದಾವೋ ಯಪ್ಪಾ. ತಿಜೋರಿ ಕಾಲ ಮುರದೈತಿ. ಟಿವಿ ಗಾಜ ಒಡದೈತಿ."

"ಸಹಿ ಮಾಡಿದಿ ಏನ?"

"ಹೂಂ, ಕೇಳಿದ, ಮಾಡೀನಿ."

"ಅದರಾಗ ಏನ ಬರದಿತ್ತ?"

"ನನಗೇನ ಗೊತ್ತೋ? ಇಂಗ್ಲಿಷ್‌ನ್ಯಾಗ ಇತ್ತ."

ಆ ಇಂಗ್ಲಿಷ್ ಸಾಲಿನ ಅರ್ಥ ಇಷ್ಟು: 'ಎಲ್ಲಾ ವಸ್ತುಗಳೂ ಸುಸ್ಥಿತಿಯಲ್ಲಿ ತಲುಪಿವೆ, ನಮ್ಮದು ಯಾವ ತಕರಾರೂ ಇಲ್ಲ.' ನಮ್ಮ ಅವ್ವ ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದಿದವಳು. ಕನ್ನಡ ಪೇಪರು ಓದುತ್ತಾಳೆ. ಆ ಸಾಲು ಕನ್ನಡದಲ್ಲಿ ಇದ್ದಿದ್ದರೆ ಅವಳು ಸಹಿ ಹಾಕುತ್ತಿದ್ದಳೇ? ಮುರಿದ ತಿಜೋರಿಯ ಪಕ್ಕದಲ್ಲಿ ನಿಂತು 'ಎಲ್ಲಾ ಚೆನ್ನಾಗಿದೆ' ಎಂದು ಬರೆದುಕೊಡುತ್ತಿದ್ದಳೇ?

ಈಗ ಹೇಳಿ, ಲಾರಿಗೂ ಕನ್ನಡಕ್ಕೂ ಸಂಬಂಧ ಇದೆಯೋ ಇಲ್ಲವೋ?

ಗಡಿಯ ಹೆಸರಿನಲ್ಲಿ ಸುಲಿಗೆ

ನಮ್ಮದು ಗಡಿ ತಾಲೂಕು. ಕಾಗವಾಡದಾಚೆ ಮಿರಜ, ನಿಪ್ಪಾಣಿಯಾಚೆ ಕಾಗಲ. ಇಲ್ಲಿ ಒಂದೇ ಕೆಲಸಕ್ಕೆ ಎರಡು ಹೆಸರುಗಳಿವೆ. ನಾವು ಹಮಾಲಿ ಎನ್ನುತ್ತೇವೆ, ಮಹಾರಾಷ್ಟ್ರದ ಕಡೆ ಸರಕು ಏರಿಸಿ ಇಳಿಸುವ ಹಣಕ್ಕೆ ವಾರಾಯಿ ಎನ್ನುತ್ತಾರೆ. ನನ್ನ ಚೀಟಿಯಲ್ಲಿ ಎರಡೂ ಇದ್ದವು! ಒಂದೇ ಪೆಟ್ಟಿಗೆಯನ್ನು ಒಂದೇ ಸಲ ಇಳಿಸಿ, ಎರಡು ಭಾಷೆಯಲ್ಲಿ ಎರಡು ಸಲ ಹಣ ತೆಗೆದುಕೊಂಡರು.

ಟೋಲಿನ ಮಾತು ಕೇಳಿ. ಚೀಟಿಯಲ್ಲಿ ಕೊಗನೊಳ್ಳಿ ಟೋಲ್ ಕೂಡ ಸೇರಿತ್ತು. ಕೊಗನೊಳ್ಳಿ ಇರುವುದು ನಿಪ್ಪಾಣಿ ದಾಟಿ ಕೊಲ್ಹಾಪುರಕ್ಕೆ ಹೋಗುವ ದಾರಿಯಲ್ಲಿ. ಬೆಳಗಾವಿಯಿಂದ ಬರುವ ಲಾರಿ ಚಿಕ್ಕೋಡಿಗೋ ಕಾಗವಾಡಕ್ಕೋ ತಿರುಗುವಾಗ ಅಲ್ಲಿಗೆ ಹೋಗುವುದೇ ಇಲ್ಲ. 2021ರ ಫೆಬ್ರುವರಿಯಿಂದ ಹೆದ್ದಾರಿ ಟೋಲುಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಗಿದೆ. ಯಾವ ಟೋಲಿನಲ್ಲಿ ಎಷ್ಟು ಕಡಿತವಾಯಿತು ಎಂಬುದು ಲಾರಿ ಮಾಲೀಕನ ಮೊಬೈಲಿನಲ್ಲೇ ಇರುತ್ತದೆ. 'ಪಟ್ಟಿ ತೋರಿಸಿ, ಕೊಡುತ್ತೇನೆ' ಎನ್ನಿ. ಅರ್ಧ ಟೋಲು ಅಲ್ಲೇ ಮಾಯವಾಗುತ್ತದೆ.

ಇನ್ನು 'ಜಕಾತಿ', 'ಚೆಕ್‌ಪೋಸ್ಟ್ ಖರ್ಚು', 'ಇ-ವೇ ಬಿಲ್ ಖರ್ಚು' ಎಂದು ಕೇಳುವವರಿದ್ದಾರೆ. ಕರ್ನಾಟಕದಲ್ಲಿ ಜಕಾತಿ ರದ್ದಾದದ್ದು 1979ರಲ್ಲಿ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಮಾರಾಟ ತೆರಿಗೆಯ ಚೆಕ್‌ಪೋಸ್ಟುಗಳೂ ಹೋದವು. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ ಬೇಕಿಲ್ಲ ಎಂದು ಜಿಎಸ್‌ಟಿ ನಿಯಮವೇ ಹೇಳುತ್ತದೆ. ಸತ್ತ ತೆರಿಗೆಯ ಹೆಸರಿನಲ್ಲಿ ಬದುಕುವವರಿಗೆ ನಾವೇಕೆ ಹಣ ಕೊಡಬೇಕು?

ಇದರ ಜೊತೆಗೆ ನದಿಗಳಿವೆ. ಮಳೆಗಾಲದಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ತುಂಬಿದರೆ ಕಲ್ಲೋಳ-ಯಡೂರ, ಕಾರದಗಾ-ಭೋಜ, ಮಲಿಕವಾಡ-ದತ್ತವಾಡದಂಥ ಕೆಳಮಟ್ಟದ ಸೇತುವೆಗಳು ಮುಳುಗುತ್ತವೆ. 2019ರ ಆಗಸ್ಟಿನ ಮಹಾಪೂರವನ್ನು ಮರೆತವರು ಇಲ್ಲಿ ಯಾರಿದ್ದೀರಿ? ಜೂನ್-ಸೆಪ್ಟೆಂಬರ್ ನಡುವೆ ಮನೆ ಸಾಗಿಸುವುದಾದರೆ ಒಂದು ಪ್ರಶ್ನೆ ಮೊದಲೇ ಕೇಳಿ: ಸೇತುವೆ ಮುಳುಗಿದರೆ ಸುತ್ತುದಾರಿಯ ಖರ್ಚು ಯಾರದು? ಲಾರಿ ಒಂದು ದಿನ ನಿಂತರೆ ಹಾಲ್ಟಿಂಗ್ ಯಾರದು? ಬೆಂಗಳೂರಿನಲ್ಲಿ ಕುಳಿತ ಕಂಪನಿಗೆ ಯಡೂರು ಗೊತ್ತಿಲ್ಲ. ನಿಮಗೆ ಗೊತ್ತಿದೆ. ನೀವೇ ಹೇಳಬೇಕು. ಕಬ್ಬು ನುರಿಸುವ ಹಂಗಾಮಿನಲ್ಲಿ ಇಲ್ಲಿಯ ಗಾಡಿಗಳೆಲ್ಲ ಕಾರ್ಖಾನೆಯ ಕೆಲಸಕ್ಕೆ ನಿಂತಿರುತ್ತವೆ. ಸ್ಥಳೀಯ ಟೆಂಪೋ ನೆಚ್ಚಿಕೊಂಡವರು ಅದನ್ನೂ ನೋಡಿಕೊಂಡೇ ದಿನ ಗೊತ್ತುಮಾಡಿ.

ಲಾರಿ ಗಡಿ ದಾಟುವುದಾದರೆ, ಅಂದರೆ ಪುಣೆಯಿಂದ ರಾಯಬಾಗಕ್ಕೆ, ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಹೋಗುವುದಾದರೆ, ಗಾಡಿಗೆ ನ್ಯಾಷನಲ್ ಪರ್ಮಿಟ್ ಇದೆಯೇ ಎಂದು ಕೇಳಿ. ಇಲ್ಲದ ಗಾಡಿ ದಾರಿಯಲ್ಲಿ ಸಿಕ್ಕಿಬಿದ್ದರೆ ಆ ದಂಡವೂ 'ಇತರೆ' ಎಂಬ ಹೆಸರಿನಲ್ಲಿ ನಿಮ್ಮ ತಲೆಗೇ ಬರುತ್ತದೆ.

ಕಾನೂನು ನಿಮ್ಮ ಕಡೆ ಇದೆ, ಓದಿದರೆ!

ಗೆಳೆಯರೇ, 2007ರಲ್ಲಿ ಸಂಸತ್ತು ರಸ್ತೆ ಸರಕು ಸಾಗಣೆ ಕಾಯ್ದೆ ಮಾಡಿತು. ಬ್ರಿಟಿಷರ ಕಾಲದ 1865ರ ಕಾಯ್ದೆ ಹೋಯಿತು. 2011ರಲ್ಲಿ ನಿಯಮಗಳು ಬಂದವು. ಎಲ್ಲರ ಸರಕನ್ನೂ ಬಾಡಿಗೆಗೆ ಸಾಗಿಸುವ ಸಾಗಣೆದಾರ ನೋಂದಣಿ ಮಾಡಿಸಿರಬೇಕು. ನೀವು ಸಾಮಾನಿನ ವಿವರ ಮತ್ತು ಬೆಲೆ ಬರೆದ ಪತ್ರ ಕೊಡಬೇಕು, ಅವನು ರಸೀದಿ ಕೊಡಬೇಕು. ನಮ್ಮ ಕಡೆ ಬಿಲ್ಟಿ ಎನ್ನುತ್ತೇವಲ್ಲ, ಅದೇ. ಸಾಮಾನು ಕಳೆದರೆ, ಒಡೆದರೆ, ಅವನ ಅಲಕ್ಷ್ಯವನ್ನು ನೀವು ಸಾಬೀತು ಮಾಡಬೇಕಾಗಿಲ್ಲ. ಇದು ದೊಡ್ಡ ಬಲ.

ಆದರೆ ಇಲ್ಲೊಂದು ಒಳಸುಳಿ ಇದೆ, ಗಮನಿಸಿ. ಪರಿಹಾರಕ್ಕೆ ಮಿತಿ ಇದೆ: ಸಾಗಣೆ ಬಾಡಿಗೆಯ ಹತ್ತು ಪಟ್ಟು. ಅದೂ ನೀವು ಬರೆದುಕೊಟ್ಟ ಬೆಲೆಯನ್ನು ಮೀರುವಂತಿಲ್ಲ. ಬಾಡಿಗೆ 15,000 ಇದ್ದರೆ ಮಿತಿ 1,50,000. ಅದೇ ಬಿಲ್ಲಿನಲ್ಲಿ ಬಾಡಿಗೆಯನ್ನು 5,000 ಎಂದು ತೋರಿಸಿ ಉಳಿದದ್ದನ್ನು ಪ್ಯಾಕಿಂಗ್, ಹಮಾಲಿ ಎಂದು ಹಂಚಿದರೆ ಮಿತಿ 50,000ಕ್ಕೆ ಇಳಿಯುತ್ತದೆ! ಸಾಮಾನಿನ ಬೆಲೆಯನ್ನು 'ಸುಮ್ಮನೆ 10,000 ಬರೆಯಿರಿ ಸಾರ್' ಎಂದರೆ ಆ 10,000ವೇ ಕಡೆಯ ಮಾತು. ಹೆಚ್ಚಿನ ಬೆಲೆಯ ವಸ್ತು ಇದ್ದರೆ ಮೊದಲೇ ಬರೆದುಕೊಟ್ಟು, ಹೆಚ್ಚುವರಿ ಹೊಣೆಗೆ ಎಷ್ಟು ದರ ಎಂದು ಕೇಳಿ.

'ಇನ್ಶೂರೆನ್ಸ್' ಎಂದು ಹಣ ಕಿತ್ತುಕೊಂಡರೆ ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ ಕೇಳಿ. ಇಲ್ಲವೆಂದರೆ ಅದು ವಿಮೆಯಲ್ಲ. ಸಾಗಿಸುವವನೇ ಕೊಟ್ಟ ಬಾಯಿಮಾತು.

ಇನ್ನೊಂದು ಮಾತು, ಇದನ್ನು ಗೋಡೆಯ ಮೇಲೆ ಬರೆದಿಡಿ. ಸಾಮಾನು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕು. ಕೊಡದಿದ್ದರೆ ದಾವೆ ನಿಲ್ಲುವುದಿಲ್ಲ. ನಾನು ಫೋನು ಮಾಡುತ್ತಾ, ಬೇಡಿಕೊಳ್ಳುತ್ತಾ, 'ನಾಳೆ ನೋಡ್ತೀವಿ ಸಾರ್' ಎಂಬುದನ್ನು ನಂಬುತ್ತಾ ಏಳು ತಿಂಗಳು ಕಳೆದೆ. ವಕೀಲರೊಬ್ಬರ ಬಳಿ ಹೋದಾಗ ಅವರು ತಾರೀಖು ನೋಡಿ ಕಾಗದ ಮಡಚಿ ನನ್ನ ಕೈಗೇ ಇಟ್ಟರು. ಅವ್ವನ ಸಹಿಯನ್ನು ದೂರಿದೆನಲ್ಲ, ತಪ್ಪು ನನ್ನದೂ ಅಷ್ಟೇ ಇತ್ತು.

ನೀವು ಹಾಗೆ ಮಾಡಬೇಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ಕಂಪನಿ ಬೆಂಗಳೂರಿನದಾಗಲಿ ಪುಣೆಯದಾಗಲಿ, ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಮೊದಲು 1915ಕ್ಕೆ ಫೋನು ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಕನ್ನಡದಲ್ಲಿ ಮಾತಾಡಬಹುದು. ಮಾತಾಡಿ! ನಾವು ಕೇಳದಿದ್ದರೆ ಕನ್ನಡಕ್ಕೆ ಬೇಡಿಕೆಯೇ ಇಲ್ಲ ಎನ್ನುತ್ತಾರೆ.

ಲಾರಿ ಹತ್ತುವ ಮೊದಲು

ಹಾಗಾದರೆ ಏನು ಮಾಡಬೇಕು? ಆರು ಮಾತು ಹೇಳುತ್ತೇನೆ.

ಒಂದು. ಫೋನಿನ ದರ ನಂಬಬೇಡಿ. ಮೂರು ಕಡೆ ಕೇಳಿ. ಮನೆಗೆ ಬಂದು ಸಾಮಾನು ನೋಡಿ ದರ ಹೇಳಲಿ. ತೀರ ಕಡಿಮೆ ಹೇಳಿದವನೇ ಕಡೆಗೆ ಹೆಚ್ಚು ಕೇಳುವವನು ಎಂಬುದನ್ನು ನೆನಪಿಡಿ.

ಎರಡು. ದರದ ಪತ್ರದಲ್ಲಿ ಪ್ಯಾಕಿಂಗ್, ಏರಿಸುವ ಹಮಾಲಿ, ಬಾಡಿಗೆ, ಟೋಲ್, ಇಳಿಸುವ ಹಮಾಲಿ, ಮಹಡಿ, ಸಣ್ಣ ಗಾಡಿ, ಜಿಎಸ್‌ಟಿ ಬೇರೆಬೇರೆ ಸಾಲಿನಲ್ಲಿರಲಿ. ಕೊನೆಯಲ್ಲಿ 'ಇದರ ಹೊರತು ಒಂದು ಪೈಸೆಯೂ ಇಲ್ಲ' ಎಂದು ಬರೆಸಿ. ನಿಮ್ಮ ಓಣಿ ಎಷ್ಟು ಇಕ್ಕಟ್ಟು, ಎಷ್ಟು ಮೆಟ್ಟಿಲು ಎಂಬುದನ್ನು ನೀವೂ ಮುಚ್ಚಿಡದೆ ಹೇಳಿ.

ಮೂರು. ಜಿಎಸ್‌ಟಿ ಕೇಳುವವನ ಬಳಿ 15 ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆ ಇರಲೇಬೇಕು. 29ರಿಂದ ಆರಂಭವಾದರೆ ಕರ್ನಾಟಕ, 27ರಿಂದ ಆರಂಭವಾದರೆ ಮಹಾರಾಷ್ಟ್ರ. ಜಿಎಸ್‌ಟಿ ತಾಣದಲ್ಲಿ ಅದನ್ನು ಹಾಕಿ ಹೆಸರು ತಾಳೆ ನೋಡಿ.

ನಾಲ್ಕು. ಪೂರ್ತಿ ಲಾರಿಯೋ, ಬೇರೆಯವರ ಸಾಮಾನಿನ ಜೊತೆ ಹಂಚಿಕೆಯೋ ಕೇಳಿ. ಹಂಚಿಕೆಯಾದರೆ ಅಗ್ಗ, ಆದರೆ ದಾರಿಯಲ್ಲಿ ಗೋಡೌನು, ಗಾಡಿ ಬದಲಾವಣೆ, ತಡ. ತಲುಪುವ ತಾರೀಖು ಬರೆಸಿ. ಲಾರಿಯ ನಂಬರು, ಚಾಲಕನ ಫೋನು ಪಡೆಯಿರಿ.

ಐದು. ಪೂರ್ತಿ ಹಣ ಮುಂಗಡ ಬೇಡ. ಒಂದು ಪಾಲು ಇಳಿಸಿದ ಮೇಲೆ ಎಂದು ಬರೆಸಿ. ಪೆಟ್ಟಿಗೆಗಳಿಗೆ ಸಂಖ್ಯೆ ಹಾಕಿ, ಪಟ್ಟಿ ಮಾಡಿ, ಫೋಟೋ ತೆಗೆಯಿರಿ. ಚಿನ್ನ, ನಗದು, ಸಾತಬಾರಾ, ಮಾರ್ಕ್ಸ್ ಕಾರ್ಡು ನಿಮ್ಮ ಕೈಚೀಲದಲ್ಲೇ ಇರಲಿ.

ಆರು. ಸಾಮಾನು ತಡೆಹಿಡಿದು ಹೆಚ್ಚಿನ ಹಣ ಕೇಳಿದರೆ 112ಕ್ಕೆ ಕರೆ ಮಾಡಿ. ಬೇರೆ ದಾರಿಯಿಲ್ಲದೆ ಕೊಡಬೇಕಾಗಿ ಬಂದರೆ 'ಆಕ್ಷೇಪಣೆಯೊಂದಿಗೆ ಕೊಟ್ಟಿದ್ದೇನೆ' ಎಂದು ರಸೀದಿಯ ಮೇಲೆ ಬರೆದು ಕೊಡಿ. ಒಡೆದ ವಸ್ತುವಿನ ಹೆಸರು ಬರೆಯದೆ ತಲುಪಿದ ಕಾಗದಕ್ಕೆ ಸಹಿ ಬೇಡ.

ಮತ್ತು ಇವೆಲ್ಲವೂ ಕನ್ನಡದಲ್ಲಿ ಇರಲಿ. ಕನ್ನಡದಲ್ಲಿ ಬರೆದ ಕರಾರು ಕರಾರೇ. ಇಂಗ್ಲಿಷಿನಲ್ಲಿದ್ದರೆ ಮಾತ್ರ ಚಲಾವಣೆ ಎಂದು ಯಾವ ಕಾನೂನೂ ಹೇಳಿಲ್ಲ. ಕಂಪನಿಯ ನಮೂನೆ ಇಂಗ್ಲಿಷಿನಲ್ಲಿದ್ದರೆ ಷರತ್ತುಗಳನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ, ಒಂದು ಪ್ರತಿಯನ್ನು ಊರಿನಲ್ಲಿ ಸಾಮಾನು ಇಳಿಸಿಕೊಳ್ಳುವವರಿಗೆ ಕಳಿಸಿ.

ಓದಿ ಸಹಿ ಮಾಡುವ ಕನ್ನಡ

ಒಂದು ಎಚ್ಚರಿಕೆ. ಇದನ್ನು ಕೇಳಿ ಯಾರೂ ಮರಾಠಿ ಮಾತಾಡುವ ಚಾಲಕನ ಮೇಲೆ, ಬೆವರು ಸುರಿಸುವ ಹಮಾಲನ ಮೇಲೆ ಏರಿಹೋಗಬೇಡಿ. ಅವನ ಕೂಲಿ ಅವನಿಗೆ ಸಲ್ಲಬೇಕು. ನನ್ನ ತಿಜೋರಿ ಇಳಿಸಿದವನಿಗೆ ಆ 4,500ರಲ್ಲಿ ಎಷ್ಟು ಸಿಕ್ಕಿತೋ ಆ ದೇವರೇ ಬಲ್ಲ. ಕೂಲಿ ಎಷ್ಟೆಂದು ಮೊದಲೇ ಬರೆದಿದ್ದರೆ ಅವನಿಗೂ ನ್ಯಾಯ, ನಮಗೂ ನ್ಯಾಯ.

ನಾವು ಬೋರ್ಡಿಗಾಗಿ ಹೋರಾಡಿದೆವು. 2024ರಲ್ಲಿ ಕಾನೂನು ತಿದ್ದುಪಡಿಯಾಗಿ ನಾಮಫಲಕದಲ್ಲಿ ಶೇ. 60 ಕನ್ನಡ ಕಡ್ಡಾಯವಾಯಿತು. ಸಂತೋಷ! ಆದರೆ ಬೋರ್ಡಿನ ಕೆಳಗೆ ಕೊಡುವ ಬಿಲ್ಲಿನಲ್ಲಿ? ಬೋರ್ಡು ಬೀದಿಗೆ ಕಾಣುತ್ತದೆ, ಬಿಲ್ಲು ಅವ್ವನ ಕೈಗೆ ಬರುತ್ತದೆ. ಅವ್ವನ ಕೈಗೆ ಬರುವ ಕಾಗದದಲ್ಲಿ ಕನ್ನಡ ಇಲ್ಲದಿದ್ದರೆ ಬೀದಿಯ ಕನ್ನಡದಿಂದ ಅವಳಿಗೇನು ಬಂತು?

ಮಹಾಜನ ವರದಿಯ ಮಾತು ಬಿಟ್ಟೆ ಎಂದಿರಾ? ಬಿಟ್ಟಿಲ್ಲ. 1967ರ ಆ ವರದಿಯ ಹೆಸರು ಕೂಗುವ ನಮ್ಮಲ್ಲಿ ಅದನ್ನು ಓದಿದವರು ಎಷ್ಟು ಜನ? ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದೂ ಅಕ್ಕಲಕೋಟ, ಜತ್ತ ಕರ್ನಾಟಕಕ್ಕೆ ಬರಬೇಕೆಂದೂ ಅದರಲ್ಲೇ ಇದೆ ಎಂಬುದು ಎಷ್ಟು ಜನರಿಗೆ ಗೊತ್ತು? ಓದದೆ ಘೋಷಣೆ ಕೂಗುವ ಚಟ, ಓದದೆ ಸಹಿ ಹಾಕುವ ಚಟ, ಎರಡೂ ಒಂದೇ ತಾಯಿಯ ಮಕ್ಕಳು.

ನಿಮ್ಮಲ್ಲಿ ಯಾರಾದರೂ ಈ ವರ್ಷ ಮನೆ ಸಾಗಿಸುವವರಿದ್ದರೆ ನನ್ನದೊಂದು ಬಿನ್ನಹ. ಊರಿಗೆ ಲಾರಿ ಬರುವ ಹಿಂದಿನ ರಾತ್ರಿ ಮನೆಗೆ ಫೋನು ಮಾಡಿ. "ಅವ್ವಾ, ಓದಿ ಸಹಿ ಮಾಡು. ಓದಾಕ ಬರಲಿಲ್ಲಂದ್ರ ಕನ್ನಡದಾಗ ಬರಕೊಡು ಅನ್ನು. ಅಲ್ಲೀತನಕ ಪೆನ್ನ ಮುಟ್ಟಬ್ಯಾಡ" ಎಂದು ಹೇಳಿ.

ಆ ಒಂದು ಮಾತು ನಾನು ಹೇಳಿರಲಿಲ್ಲ. ನೀವು ಹೇಳಿ.

ಸಿರಿಗನ್ನಡಂ ಗೆಲ್ಗೆ!